ಅಕ್ಕೋರ ಎಡಗಾಲು

ಅಥಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು ಇದ್ದರು. ತೊಂಬತ್ತರ ದಶಕದಲ್ಲಿ ಅವರಿಗೆ ಲಕ್ವಾ ಹೊಡೆದು, ಎಡಗಾಲು ಎಳೆದುಕೊಂಡು ನಡೆಯುವಂತಾಯಿತು. ‘ಇನ್ನ ನೌಕರಿ ಸಾಕು’ ಎಂದರು ಮನೆಯವರು. ಅಕ್ಕೋರು ಕೇಳಲಿಲ್ಲ. ನನ್ನನ್ನು ಜೊತೆ ಮಾಡಿಕೊಂಡು ವಾರವಾರ ಮಿರಜದ ಆಸ್ಪತ್ರೆಗೆ ಹೊರಟರು.

ಅಲ್ಲಿ ಟ್ರೆಡ್‌ಮಿಲ್ ಎಂಬ ಮಷಿನ್ ಇತ್ತು. ಕಾಲಡಿಯ ಪಟ್ಟಿ ಹಿಂದಕ್ಕೆ ಸರಿಯುತ್ತಿದ್ದರೆ, ಕಂಬಿ ಹಿಡಿದು ಮುಂದಕ್ಕೆ ನಡೆಯಬೇಕು. ಬಲಗಾಲು ಅವಸರ ಮಾಡುತ್ತಿತ್ತು, ಎಡಗಾಲು ಹಿಂದೆ ಉಳಿಯುತ್ತಿತ್ತು. ಅಕ್ಕೋರು ಅದನ್ನು ದಡ್ಡ ಹುಡುಗನಂತೆ ಗದರುತ್ತಿದ್ದರು: ‘ಏಳು, ಮುಂದ ಬಾ!’

ಒಮ್ಮೆ ಮುಗ್ಗರಿಸಿ ಮೊಣಕಾಲೂರಿ ಬಿದ್ದರು. ಡಾಕ್ಟರು ಪಟ್ಟಿ ನಿಲ್ಲಿಸಿ, ‘ಇವತ್ತಿಗೆ ಸಾಕ್ರಿ ಅಕ್ಕೋರ’ ಎಂದರು.

ಅಕ್ಕೋರು ಬೆವರು ಒರೆಸಿಕೊಂಡು ಎದ್ದರು. ‘ಚಾಲೂ ಮಾಡ್ರಿ. ತಪ್ಪು ತಿದ್ದದೇ ಮನಿಗೆ ಹೋಗಾಕಿ ಅಲ್ಲ ನಾ.’

ಮುಂದಿನ ಜೂನ್‌ನಲ್ಲಿ ಶಾಲೆಗೆ ಮರಳಿದರು. ಕುಂಟು ಪೂರ್ತಿ ಹೋಗಿರಲಿಲ್ಲ. ಮೊದಲ ದಿನ ನಾನೂ ಜೊತೆಗಿದ್ದೆ. ಅಂಗಳದಲ್ಲಿ ಹುಡುಗಿಯೊಬ್ಬಳು ಕಾಲೆಳೆದು ನಡೆಯುತ್ತ ಅವರನ್ನು ಅಣಕಿಸುತ್ತಿದ್ದಳು. ನಾನು ಬೈಯಲು ಹೊರಟೆ. ಅಕ್ಕೋರು ನನ್ನನ್ನು ತಡೆದು, ಅವಳ ಮುಂದೆಯೇ ಒಂದಿಷ್ಟು ದೂರ ನಡೆದು ತೋರಿಸಿದರು.

‘ನೆಟ್ಟಗ ನೋಡಬೇ. ಈಗ ನಾ ಅಷ್ಟು ಎಳಿಯೂದಿಲ್ಲ.’