ಬೀಜಿಂಗ್‌ನ ಚೆಂಡಿಗೆ ಹವಾನಾದಲ್ಲಿ ಏಟು

ಆಂಬುಲೆನ್ಸ್ ಮೆಕ್ಯಾನಿಕ್ ನಿವಾರ್ದೋನ ಮೈ ನೋಡಿದರೆ ಸಾಕು, ನಮ್ಮ ಕ್ಯೂಬಾದ ಬೇಸ್‌ಬಾಲ್ ತಂಡ ಎಲ್ಲೆಲ್ಲಿ ಸೋತಿದೆಯೆಂದು ಹೇಳಿಬಿಡಬಹುದು. ಮುಂದಿನ ಹಲ್ಲು ಹೋದದ್ದು ಸಿಡ್ನಿ ಒಲಿಂಪಿಕ್ಸಿನಲ್ಲಿ ಅಮೆರಿಕದವರಿಗೆ ಚಿನ್ನ ಬಿಟ್ಟುಕೊಟ್ಟ ವರ್ಷ. ಕಿರುಬೆರಳು ಸೊಟ್ಟಗಾದದ್ದು ಜಪಾನಿನವರು ಫೈನಲ್ಲಿನಲ್ಲಿ ನಮ್ಮನ್ನು ಬಡಿದಾಗ. ಹುಬ್ಬಿನ ಏಳು ಹೊಲಿಗೆ ಬೀಜಿಂಗಿನದು, ಕೊರಿಯಾದವರ ಕೃಪೆ. ಆತ ಇವ್ಯಾವ ಊರಿಗೂ ಹೋದವನಲ್ಲ. ಎಲ್ಲ ಪೆಟ್ಟೂ ತಿಂದದ್ದು ಹವಾನಾದ ಪಾರ್ಕಿನಲ್ಲಿ, ಬೇಸ್‌ಬಾಲ್ ಹುಚ್ಚರು ಸೇರಿ ವಾದಿಸುವ ‘ಬಿಸಿ ಮೂಲೆ’ಯಲ್ಲಿ, ಪಂದ್ಯದ ಮರುದಿನ. ಆದರೂ ತಾನು ಒಂಬತ್ತು ಜನರ ತಂಡದ ಹತ್ತನೆಯ ಆಟಗಾರ ಎಂಬ ಗತ್ತು ಅವನ ನಡಿಗೆಯಲ್ಲೇ ಇತ್ತು.

ಬಿಸಿ ಮೂಲೆಗೆ ಇರುವುದು ಒಂದೇ ಕಟ್ಟಳೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅರಚಬಹುದು, ಎದುರಿನವನ ವಂಶವನ್ನೇ ಜಾಲಾಡಬಹುದು, ಕೈ ಮಾತ್ರ ತಾಗಿಸುವಂತಿಲ್ಲ. ಎಲ್ಲರೂ ಪಾಲಿಸುತ್ತಿದ್ದೆವು. ಪಾಲಿಸದವರು ನಿವಾರ್ದೋ, ಮತ್ತೆ ಅವನ ಮೂವತ್ತು ವರ್ಷದ ವೈರಿ ರೇನೇರಿಯೋ. ಈ ರೇನೇರಿಯೋ ಕಟ್ಟುಹಲ್ಲು ಮಾಡುವವನು. ಸಿಡ್ನಿಯ ಹಲ್ಲು ಉದುರಿಸಿದವನೂ ಅವನೇ, ಬದಲಿ ಹಲ್ಲು ಕೂರಿಸಿದವನೂ ಅವನೇ.

ಬೀಜಿಂಗಿನ ರಕ್ತದ ಅಂಗಿ ಒಗೆದ ದಿನ ನಿವಾರ್ದೋನ ಹೆಂಡತಿ ಒದಾಲಿಸ್ ಹೇಳಿದ್ದಳು: ಇನ್ನೊಂದು ಸಲ ಹೀಗೆ ಬಂದರೆ ಬೀಗ ಬದಲಾಗುತ್ತದೆ. ಆಕೆ ಹೇಳಿದ್ದನ್ನು ಮಾಡುವವಳು. ಹದಿನೈದು ವರ್ಷ ಆತ ತಡೆದುಕೊಂಡ.

ಆಮೇಲೆ ಮಯಾಮಿಯ ಸೆಮಿಫೈನಲ್ ಬಂತು. ಅಮೆರಿಕದವರು ಹದಿನಾಲ್ಕು, ನಾವು ಎರಡು. ಮರುದಿನ ನಿವಾರ್ದೋ ಎರಡೂ ಕೈ ಜೇಬಿಗೆ ತುರುಕಿಕೊಂಡೇ ಪಾರ್ಕಿಗೆ ಬಂದ. ಭಯವೇನೂ ಇರಲಿಲ್ಲ. ಅಷ್ಟು ದೊಡ್ಡ ಸೋಲಿನ ಬಗ್ಗೆ ಜಗಳವಾಡುವುದಾದರೂ ಏನನ್ನು? ಒಳ್ಳೆಯ ಜಗಳಕ್ಕೆ ಒಂದೇ ಒಂದು ರನ್ನಿನ ಸೋಲು ಬೇಕು. ಮೂಲೆಯಲ್ಲಿ ಸಾವಿನ ಮನೆಯ ಮೌನ. ಅದನ್ನು ತಾಳಲಾರದೆ ಯಾರೋ ಬೀಜಿಂಗಿನ ಮಾತು ಎತ್ತಿದರು.

ಕೊನೆಯ ಸರದಿ, ಮೂರು ಬೇಸಿನಲ್ಲೂ ನಮ್ಮವರು, ಬೇಕಾದದ್ದು ಸಮ ಮಾಡಲು ಒಂದು ರನ್. ನಮ್ಮವನು ಬೀಸಿ ಹೊಡೆದ ಚೆಂಡು ನೇರ ಕೊರಿಯಾದವರ ಕೈಗೆ ಉರುಳಿ, ಒಂದೇ ಏಟಿಗೆ ಇಬ್ಬರು ಔಟಾಗಿ ಚಿನ್ನ ಹೋಯಿತು. ಆತ ಹೇಗೆ ಬೀಸಬೇಕಿತ್ತು ಎಂದು ರೇನೇರಿಯೋ ತನ್ನ ಊರುಗೋಲು ಹಿಡಿದು ತೋರಿಸತೊಡಗಿದ. ತಪ್ಪಾಗಿ ತೋರಿಸಿದ. ನಿವಾರ್ದೋ ಕಣ್ಣು ಮುಚ್ಚಿಕೊಂಡ. ರೇನೇರಿಯೋ ಇನ್ನೊಮ್ಮೆ ತೋರಿಸಿದ, ಇನ್ನೂ ತಪ್ಪಾಗಿ.

"ಕಾಲು ಎಲ್ಲಿಡ್ತಿದ್ದೀಯೋ, ಹಲ್ಲಿನ ವ್ಯಾಪಾರಿ. ಕೊಡಿಲ್ಲಿ."

ಕೈ ಜೇಬಿನಿಂದ ಹೊರಗೆ ಬಂತು. ನಿವಾರ್ದೋ ಕೋಲು ಕಿತ್ತುಕೊಂಡು, ಕಾಲು ಸರಿಯಾಗಿ ಊರಿ, ಸೊಂಟ ತಿರುಗಿಸಿ ಬೀಸಿದ. ಅಷ್ಟು ಚಂದದ ಬೀಸು ಬೀಜಿಂಗಿನಲ್ಲಿ ಬಿದ್ದಿದ್ದರೆ ಚಿನ್ನ ನಮ್ಮದೇ. ಬಿದ್ದದ್ದು, ನೋಡೋಣವೆಂದು ಬಗ್ಗಿ ಬಂದಿದ್ದ ರೇನೇರಿಯೋನ ಬಾಯಿಗೆ. ದವಡೆ ಲಟಕ್ಕೆಂದಿತು. ಕಲ್ಲುಬೆಂಚಿನ ಮೇಲೆ ರಕ್ತದ ಜೊತೆ ಎರಡು ಹಲ್ಲು ಬಿದ್ದವು, ಅಸಲಿ ಹಲ್ಲು.

ಬೇಕಂತ ಹೊಡೆದದ್ದಲ್ಲ ಎನ್ನಲು ನಿವಾರ್ದೋಗೆ ಪುರುಸೊತ್ತು ಸಿಗಲಿಲ್ಲ. ರೇನೇರಿಯೋ ತಲೆಯಿಂದಲೇ ಅವನ ಮೂಗಿಗೆ ಗುದ್ದಿದ. ಹಿಂದಿನ ದಿನದ ಹನ್ನೆರಡು ರನ್ನಿನ ಸಿಟ್ಟು ಹೊತ್ತು ಕೂತಿದ್ದ ಮೂಲೆಗೆ ಕಡೆಗೂ ಹೊಡೆಯಲು ಒಬ್ಬ ಸಿಕ್ಕಿದ. ಬಿಡಿಸಲು ಹೋದವರೂ ಎರಡೆರಡು ಒದ್ದೇ ಬಂದರು. ನನ್ನದೂ ಒಂದು ಕಾಲಿತ್ತು. ಬೆಂಚಿನ ಅಂಚಿಗೆ ಅಪ್ಪಳಿಸಿ ನಿವಾರ್ದೋನ ಪಕ್ಕೆಲುಬು ಮುರಿದದ್ದು ನಮಗೆಲ್ಲ ಕೇಳಿಸಿತು. ಆಗಲೇ ಕೈಗಳು ನಿಂತದ್ದು.

ಆಸ್ಪತ್ರೆ ಮುಗಿಸಿ, ಪಕ್ಕೆ ಹಿಡಿದು ಮೂರು ಮಹಡಿ ಹತ್ತಿ ಹೋದರೆ ಒದಾಲಿಸ್ ಬಾಗಿಲ ಕಿಂಡಿಯಿಂದ ಅಂಗಿ ನೋಡಿದಳು. ಯಾವ ಸೋಲಿಗೆ ಎಂದು ಕೇಳಿದಳು. ಮಯಾಮಿ ಎಂದಿದ್ದರೆ ಒಳಗೆ ಬಿಡುತ್ತಿದ್ದಳೋ ಏನೋ, ಹಿಂದಿನ ರಾತ್ರಿ ಆ ಸೋಲಿಗೆ ಆಕೆಯೂ ಅತ್ತಿದ್ದಳು. ಆದರೆ ಬೇಸ್‌ಬಾಲಿನ ವಿಷಯದಲ್ಲಿ ಆತ ಸುಳ್ಳು ಹೇಳುವವನಲ್ಲ.

"ಬೀಜಿಂಗ್," ಎಂದ.

"ಅದಕ್ಕೆ ಒಂದ್ಸಲ ಹೊಡೆಸ್ಕೊಂಡು ಆಗಿತ್ತಲ್ಲೋ."

ಬೀಗ ಸಂಜೆಗೇ ಬದಲಾಯಿತು. ಈಗ ನಿವಾರ್ದೋ ವರ್ಕ್‌ಶಾಪಿನಲ್ಲಿ, ಕೆಟ್ಟು ನಿಂತ ಆಂಬುಲೆನ್ಸಿನ ಸ್ಟ್ರೆಚರ್ ಮೇಲೆ ಮಲಗುತ್ತಾನೆ. ಕೇಳಿದವರಿಗೆಲ್ಲ ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಾನೆ.