ತೊಟ್ಟಿಯ ಉರಿ, ಮಾತ್ರೆಯ ಉರಿ

ದೊಡ್ಡಲಕ್ಷ್ಮಮ್ಮನ ಕೈ ನೋಡಿದವರು ಒಂದು ಕಾಲದಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಮದುವೆಯಾಗಿ ರಾಮನಗರಕ್ಕೆ ಬಂದ ವರ್ಷವೇ ತಾಜ್ ಪಾಷಾನ ರೇಷ್ಮೆ ಕಾರ್ಖಾನೆ ಸೇರಿದವಳು ಅವಳು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ಶೀಟು ಹೊದಿಸಿದ ಒಂದು ಶೆಡ್ಡು, ಸಾಲಾಗಿ ಒಲೆ, ಒಲೆಯ ಮೇಲೆ ತೊಟ್ಟಿ. ತೊಟ್ಟಿಯ ಕುದಿನೀರಿನಲ್ಲಿ ರೇಷ್ಮೆಗೂಡು ಬೇಯುತ್ತಿರುತ್ತದೆ. ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ ತಿರುಗುವ ಚರಕಕ್ಕೆ ಕೊಡಬೇಕು. ಅದಕ್ಕೆ ಸೌಟು ನಡೆಯಲ್ಲ, ಇಕ್ಕಳ ನಡೆಯಲ್ಲ, ಬೆರಳೇ ಬೇಕು. ಬೆಳಗಿಂದ ಸಂಜೆತನಕ ಬೆರಳು ಬೇಯುತ್ತಿತ್ತು. ಬೆರಳಸಂದಿ ಬಿರಿದು ಕೀವಾಗುತ್ತಿತ್ತು. ಸತ್ತ ಹುಳದ ನಾತ ಸೀರೆಗೂ ತಲೆಗೂದಲಿಗೂ ಹತ್ತಿ, ಉಣ್ಣುವ ಮುದ್ದೆಗೂ ಇಳಿಯುತ್ತಿತ್ತು.

ಒಂದು ಸಲ ಹೆಂಗಸರೆಲ್ಲ ಸೇರಿ ಒಲೆ ಆರಿಸಿ ಬೀದಿಗೆ ಬಂದರು. ಮುಂದೆ ನಿಂತವಳು ಇವಳೇ. ವಿಚಾರಣೆಗೆ ಬಂದ ಸರ್ಕಾರಿ ಸಾಹೇಬರಿಗೆ ತಾಜ್ ಪಾಷಾ ಹೇಳಿದ: "ಸಾಬ್, ಇದು ನನ್ ತೊಟ್ಟಿಯಿಂದ ಆಗಿದ್ದಲ್ಲ. ಮನೇಲಿ ಬಟ್ಟೆ ಸೋಡಾದಲ್ಲಿ ಕೈ ನೆನೆಸ್ತಾರೆ, ಅದಕ್ಕೇ ಹಿಂಗೆ."

ದೊಡ್ಡಲಕ್ಷ್ಮಮ್ಮ ಎರಡೂ ಅಂಗೈ ಅವನ ಮೂಗಿಗೆ ಹಿಡಿದಿದ್ದಳು. "ಬಟ್ಟೆ ಸೋಡಾನಾ? ಊರ್ ಹೆಂಗಸ್ರೆಲ್ಲಾ ಬಟ್ಟೆ ಒಗೀತಾರೆ. ಯಾರ ಕೈ ಹಿಂಗೈತೆ ಒಸಿ ತೋರ್ಸು ಸಾಹೇಬ. ನಿನ್ ಹೆಂಡ್ತಿ ಕೈ ಹಿಂಗೈತಾ?"

ಬೀದಿಯೆಲ್ಲ ನಕ್ಕಿತು. ತಾಜ್ ಪಾಷಾ ತಲೆ ತಗ್ಗಿಸಿ, ತೊಟ್ಟಿಯದೇ ಅಂತ ಒಪ್ಪಿಕೊಂಡ. ಅಷ್ಟೆಲ್ಲ ಕೂಗಾಡಿ ಗೆದ್ದಿದ್ದೇನು ಅಂದರೆ ಮಧ್ಯಾಹ್ನ ಒಸಿ ಹೊತ್ತು ವಿರಾಮ, ಹಚ್ಚಿಕೊಳ್ಳೋದಕ್ಕೆ ಮುಲಾಮು. ಆದರೆ ತೊಟ್ಟಿಯಿಂದಲೇ ಕೈ ಸುಡುತ್ತೆ ಅಂತ ಅವನ ಬಾಯಲ್ಲಿ ಹೇಳಿಸಿದ್ದಳಲ್ಲ, ಅದನ್ನು ಅವಳು ಮುಲಾಮಿಗಿಂತ ದೊಡ್ಡದು ಅಂದುಕೊಂಡಿದ್ದಳು.

ಆಮೇಲೆ ಕಾಲ ಬದಲಾಯಿತು. ಹೊರದೇಶದ ನೂಲು ಬಂತು, ಗೂಡು ಬಿಚ್ಚುವ ಮಿಷನ್ನು ಬಂತು. ಬಿಡದಿ ಕಡೆ ಹೊಲಗಳಿಗೆಲ್ಲ ತಂತಿಬೇಲಿ ಬಿದ್ದು ಒಳಗೆ ಕಾರ್ಖಾನೆ ಎದ್ದವು. ತಾಜ್ ಪಾಷಾ ಒಲೆ ಆರಿಸಿ, ಶೆಡ್ಡನ್ನು ಗಾಡಿ ಸಾಮಾನು ತುಂಬೋದಕ್ಕೆ ಬಾಡಿಗೆಗೆ ಕೊಟ್ಟ. ಸೊಸೆ ಲತಾಮಣಿ ಹೊತ್ತು ಮೂಡುವ ಮುಂಚೆ ಬರುವ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಮಗ ಲಾರಿ ಹಿಡಿದ. ದೊಡ್ಡಲಕ್ಷ್ಮಮ್ಮ ಮನೆಯಲ್ಲಿ ಉಳಿದಳು. ವರ್ಷ ಕಳೆಯುವಷ್ಟರಲ್ಲಿ ಅವಳ ಕೈ ಎಲ್ಲರ ಕೈಯ ಹಾಗೆ ಆಯಿತು. ಗಾಯದ ಕಲೆ ಉಳಿಯಿತು, ಉರಿ ಹೋಯಿತು.

ಕೈ ನೆಟ್ಟಗಾಯಿತು, ಹೊಟ್ಟೆ ಕೆಟ್ಟಿತು. ಹುಳಿತೇಗು ಅಂತ ಸೋಡಾ ಕುಡಿದಳು, ಪಿತ್ತ ಅಂತ ಜೀರಿಗೆ ಅಗಿದಳು. ಮುದ್ದೆ ಗಂಟಲಲ್ಲೇ ನಿಲ್ಲೋದಕ್ಕೆ ಶುರುವಾದ ಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದದ್ದು. ಅಷ್ಟು ಹೊತ್ತಿಗೆ ಹೊಟ್ಟೆಯ ಗಡ್ಡೆ ಈಲಿಗೂ ಹರಡಿತ್ತು. ಕೊಯ್ಯೋದಕ್ಕೆ ಬರುವ ಹಾಗಿರಲಿಲ್ಲ. ಡ್ರಿಪ್ಪಿನಲ್ಲಿ ಕೊಟ್ಟ ಔಷಧಿ ಕೂದಲು ಕಿತ್ತಿತೇ ಹೊರತು ಗಡ್ಡೆಯನ್ನು ಕದಲಿಸಲಿಲ್ಲ.

ಆಗ ಡಾಕ್ಟರ್ ಅಮೂಲ್ಯ ಹೊಸ ಮಾತ್ರೆಯ ವಿಷಯ ತೆಗೆದರು. ಇನ್ನೂ ಅಂಗಡಿಗೆ ಬಂದಿಲ್ಲ, ಪರೀಕ್ಷೆ ನಡೀತಾ ಇದೆ, ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ ಅಂದರು. ದೊಡ್ಡಲಕ್ಷ್ಮಮ್ಮ ಸುಮ್ಮನೆ ಹೆಬ್ಬೆಟ್ಟು ಒತ್ತುವ ಪೈಕಿಯಲ್ಲ. ಹಾಳೆಹಾಳೆಯನ್ನೂ ಓದಿಸಿ ಕೇಳಿದಳು.

"ವಾಸಿಯಾಯ್ತದಾ ತಾಯಿ?"

"ಇಲ್ಲಮ್ಮ. ಅದನ್ನ ಸುಳ್ಳು ಹೇಳಲ್ಲ. ಒಂದಿಷ್ಟು ತಿಂಗಳು ಹೆಚ್ಚಿಗೆ ಸಿಗಬಹುದೇನೋ ಅಂತ ನೋಡ್ತಿದೀವಿ. ಅದೂ ಗೊತ್ತಿಲ್ಲ. ಕೆಲವರಿಗೆ ಔಷಧಿ ಇರೋ ಮಾತ್ರೆ ಹೋಗುತ್ತೆ, ಕೆಲವರಿಗೆ ಏನೂ ಇಲ್ಲದ ಮಾತ್ರೆ. ನಿಮಗೆ ಯಾವುದು ಅಂತ ನಂಗೂ ಗೊತ್ತಿರಲ್ಲ."

"ಅಲ್ಲಾ, ಸಾಯೋರ ಜೊತೆ ಚೌಕಾಬಾರ ಆಡ್ತೀರಲ್ಲವ್ವಾ ನೀವು."

ಡಾಕ್ಟರ್ ನಗಲಿಲ್ಲ. "ಇನ್ನೊಂದು ಮಾತು. ಅಂಗೈ, ಅಂಗಾಲು ಉರಿದು ಸುಲಿಯಬಹುದು. ಸುಲಿದರೆ ತಕ್ಷಣ ಹೇಳಬೇಕು. ಮಾತ್ರೆ ನಿಲ್ಲಿಸಿ, ಆಮೇಲೆ ಕಮ್ಮಿ ಮಾಡಿ ಕೊಡ್ತೀವಿ."

ಅವಳು ಸೇರಿದಳು. ಸೊಸೆಗೆ ರಜೆ ಇಲ್ಲ, ಮಗ ಊರಲ್ಲಿಲ್ಲ. ಒಬ್ಬಳೇ ರೈಲು ಹತ್ತಿ ಹೋಗಿಬರುತ್ತಿದ್ದಳು. ಅಲ್ಲಿ ಜೊತೆಯಾದವನು ಕೋಡಿಹಳ್ಳಿಯ ಅಂಕಯ್ಯ, ಅದೇ ಕಾಯಿಲೆ, ಅದೇ ಮಾತ್ರೆ, ಮೇಲೆ ಸಕ್ಕರೆ ಕಾಯಿಲೆ ಬೇರೆ. ಹಿಪ್ಪುನೇರಳೆ ಬೆಳೆದು ಹುಳ ಸಾಕುವ ಮನುಷ್ಯ. "ನಾನು ಸಾಕಿದ ಗೂಡು ನೀನು ಬೇಯಿಸಿದೀಯ ಕಣಕ್ಕೋ, ಅದ್ಕೇ ಇಬ್ರಿಗೂ ಒಂದೇ ಶಾಪ ತಟ್ಟೈತೆ," ಅನ್ನುತ್ತಿದ್ದ. ಬೆಂಚಿನ ಮೇಲೆ ಕೂತು, ಅವಳ ಹಳೇ ಮುಷ್ಕರದ ಕತೆ ಆಡುತ್ತಾ, ಇಬ್ಬರೂ ಒಂದೇ ಬಾಳೆಹಣ್ಣನ್ನು ಮುರಿದುಕೊಂಡು ತಿನ್ನುತ್ತಿದ್ದರು. ಒಂದು ಇಡೀ ಹಣ್ಣು ಇಬ್ಬರ ಹೊಟ್ಟೆಯಲ್ಲೂ ನಿಲ್ಲುತ್ತಿರಲಿಲ್ಲ.

ಎರಡನೇ ಡಬ್ಬಿ ಮುಗಿಯುವ ಹೊತ್ತಿಗೆ ದೊಡ್ಡಲಕ್ಷ್ಮಮ್ಮನ ಅಂಗೈ ಕೆಂಪಗಾಯಿತು. ಆಮೇಲೆ ಬೊಬ್ಬೆ ಎದ್ದು ಚರ್ಮ ಪದರ ಪದರವಾಗಿ ಸುಲಿಯಿತು. ಪಾತ್ರೆ ಮುಟ್ಟಿದರೆ ಜೀವ ಹೋಗುತ್ತಿತ್ತು. ಅವಳಿಗೋ ಒಳಗೊಳಗೇ ಕುಣಿಯುವಷ್ಟು ಖುಷಿ. ಉರಿ ಬಂತು ಅಂದರೆ ತನಗೆ ಬಿದ್ದಿರೋದು ಅಸಲಿ ಮಾತ್ರೆ! ಖಾಲಿ ಮಾತ್ರೆ ಯಾಕೆ ಸುಡುತ್ತೆ? ಖುಷಿಯ ಹಿಂದೆಯೇ ದಿಗಿಲು ಬಂತು. ಹೇಳಿದರೆ ನಿಲ್ಲಿಸುತ್ತಾರೆ.

ಮುಂದಿನ ಸಲ ಡಾಕ್ಟರ್ ಕೈ ಹಿಡಿದು ನೋಡಿ ಕೇಳಿದರು: "ಇದು ಯಾವಾಗಿಂದ?"

"ಅದಾ? ನೂಲು ಬಿಚ್ಚೋ ಕೈ ಕಣವ್ವಾ. ಮದ್ವೆಯಾದಾಗಿಂದ್ಲೂ ಹಿಂಗೇ. ಈಗ್ಲೂ ಆವಾಗಾವಾಗ ತೊಟ್ಟಿಗೆ ಕೈ ಹಾಕ್ತೀನಿ, ಹೊಟ್ಟೆಪಾಡು."

ಡಾಕ್ಟರ್ ರಾಮನಗರದ ಹೆಂಗಸರ ಕೈ ನೋಡಿದ್ದವರೇ. ಹಳೇ ಕಲೆಯೂ ಕಾಣುತ್ತಿತ್ತು. ಔಷಧಿಯದಲ್ಲ, ಕೆಲಸದ್ದು ಅಂತ ಬರೆದುಕೊಂಡರು. ದೊಡ್ಡಲಕ್ಷ್ಮಮ್ಮ ಡಬ್ಬಿಯನ್ನು ಮಡಿಲಿಗೆ ಕಟ್ಟಿಕೊಂಡು ಹೊರಗೆ ಬಂದಳು.

ಅಂಕಯ್ಯ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದ. ಅಂಗಾಲು ಸುಲಿದಿತ್ತು. "ಹೇಳ್ಬುಡ್ಲಾ ಅಕ್ಕ?"

"ಹೇಳಿದ್ರೆ ಮಾತ್ರೆ ಕಿತ್ಕತಾರೆ, ತಿಳ್ಕ. ಬರಿಗಾಲಲ್ಲಿ ಹುಳದ ಮನೆಗೆ ಸುಣ್ಣ ಹೊಡೆದೆ, ಸುಟ್ಕತ್ತು ಅನ್ನು. ನಾವೆಲ್ಲ ಒಂದೇ ಮಾತು ಆಡ್ಬೇಕು. ಒಬ್ರು ಬಾಯಿ ಬುಟ್ರೆ ಎಲ್ರಿಗೂ ಹೋಯ್ತದೆ."

ಹಳೇ ಮುಷ್ಕರದ ಮಾತು. ಅದೇ ಗತ್ತಿನಲ್ಲಿ ಹೇಳಿದಳು. ಅಂಕಯ್ಯ ಹೂಂಗುಟ್ಟಿ ಒಳಗೆ ಹೋದ. ಹೇಳಿಕೊಟ್ಟದ್ದನ್ನೇ ಒಪ್ಪಿಸಿ ಬಂದ.

ಅದಾಗಿ ಸ್ವಲ್ಪ ದಿನಕ್ಕೆ ಗೂಡಿನ ಮಾರ್ಕೆಟ್ಟಿನ ಮುಂದೆ ತಾಜ್ ಪಾಷಾ ಸಿಕ್ಕಿದ. ಗಡ್ಡ ಬೆಳ್ಳಗಾಗಿತ್ತು. ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು, ಅವನು ಅಷ್ಟರೊಳಗೇ ನೋಡಿಬಿಟ್ಟಿದ್ದ.

"ಅರೆ, ಲೀಡರಮ್ಮಾ! ಯಾರ ತೊಟ್ಟಿಗೆ ಹೋಗ್ತಿದೀಯ ಈಗ? ನನ್ ಒಲೆ ಆರಿ ಅದರ ಬೂದಿನೂ ಹಾರೋಗೈತೆ."

"ತೊಟ್ಟಿ ಅಲ್ಲ ಸಾಹೇಬ. ಆಸ್ಪತ್ರೆ ಮಾತ್ರೇದು." ಅಂಕಯ್ಯನನ್ನು ಬಿಟ್ಟು ಬೇರೆ ಯಾರಿಗೂ ಹೇಳದ್ದು ಅವನ ಮುಂದೆ ಬಾಯಿಂದ ಬಿದ್ದುಹೋಯಿತು. "ಡಾಕ್ಟ್ರಿಗೆ ಮಾತ್ರ ನಿನ್ ತೊಟ್ಟಿ ಮೇಲೆ ಹಾಕಿವ್ನಿ. ಬ್ಯಾಸರ ಮಾಡ್ಕಬೇಡ."

ತಾಜ್ ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಸಿ, "ಅವತ್ತು ನಾನು ಸೋಡಾ ಅಂದಿದ್ದಕ್ಕೆ ಬೀದೀಲಿ ನನ್ ಇಜ್ಜತ್ ತೆಗೆದೆ. ಇವತ್ತು ನೀನೇ ಸೋಡಾ ಅಂತಿದೀಯಲ್ಲಮ್ಮಾ," ಅಂದ. ಚುಚ್ಚಿ ಆಡಿದ ಮಾತಲ್ಲ ಅದು, ಬೇಜಾರಿನಲ್ಲಿ ಆಡಿದ್ದು. ಎರಡು ಮೂಸಂಬಿ ಕೊಡಿಸಿ ಹೋದ.

ಮೂಸಂಬಿ ಹಿಡಿದುಕೊಂಡು ಅವಳು ಮನೆಗೆ ನಡೆದಳು. ಮುದುಕ ಏನೋ ಒದರಿದ ಅಂತ ಮರೆಯೋದಕ್ಕೆ ನೋಡಿದಳು. ಆಗಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬೆಂಚು ಖಾಲಿ ಇತ್ತು. ಅಂಕಯ್ಯ ವಾರ್ಡಿನಲ್ಲಿದ್ದ. ಅಂಗಾಲಿನ ಗಾಯ ಕೀವಾಗಿ, ಸಕ್ಕರೆ ಸೇರಿ, ಎರಡು ಬೆರಳು ತೆಗೆದಿದ್ದರು. ಕಾಲಿಗೆ ಹಚ್ಚಡದಷ್ಟು ಬಟ್ಟೆ ಸುತ್ತಿದ್ದರು. ಇವಳನ್ನು ನೋಡಿ ಬಾಯಿ ಸೊಟ್ಟ ಮಾಡಿ ನಕ್ಕ.

"ಬಾರಕ್ಕ. ನಿನ್ ಯೂನಿಯನ್ನಿಗೆ ಬೆರಳೇ ಚಂದಾ ಕೊಟ್ಟೆ."

ಅವಳು ಬಗ್ಗಿ ಕಾಲಿನ ಬಟ್ಟೆ ನೋಡಿದಳು. ಮಂಚದ ಕಬ್ಬಿಣ ಹಿಡಿದುಕೊಂಡಳು. ಅಂಗೈ ಚುರುಕ್ಕೆಂದಿತು. "ಇನ್ನೂ ಸುಣ್ಣ ಅಂತಾನೇ ಹೇಳಿದೀಯೇನ್ಲಾ?"

"ಮತ್ತೆ? ಒಂದೇ ಮಾತು ಅಂದೆಯಲ್ಲ."

ಅಲ್ಲಿಂದ ಡಾಕ್ಟರ್ ರೂಮಿಗೆ ಎಷ್ಟು ದೂರ? ಕರೆದರೆ ಕೇಳುವಷ್ಟು. ಅಷ್ಟು ನಡೆಯೋದಕ್ಕೆ ಅವಳು ಎರಡು ಕಡೆ ಕೂತಳು. ಮಡಿಲಲ್ಲಿ ಡಬ್ಬಿ ಗಲಗಲ ಅನ್ನುತ್ತಿತ್ತು. ಬದುಕಬೇಕು ಅನ್ನೋದಕ್ಕೆ ಅವಳಿಗೆ ದೊಡ್ಡ ಕಾರಣ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಬೇಕು, ಕೂತು ಕಾಫಿ ಕುಡಿಯಬೇಕು, ಅಷ್ಟೇ. ಅದು ಸಣ್ಣ ಆಸೆ ಅಂತ ಅವಳಿಗೆ ಅನ್ನಿಸಿರಲೂ ಇಲ್ಲ.

"ತಾಯಿ, ನಾನು ತೊಟ್ಟಿಗೆ ಕೈ ಹಾಕಿ ಎಷ್ಟೋ ಕಾಲ ಆಯ್ತು," ಅಂತ ಬಾಗಿಲಲ್ಲೇ ನಿಂತು ಹೇಳಿದಳು. "ಅಂಕಯ್ಯಂದೂ ಸುಣ್ಣ ಅಲ್ಲ. ನಾನೇ ಹೇಳ್ಕೊಟ್ಟಿದ್ದು."

ಅಮೂಲ್ಯ ಅವಳ ಫೈಲು ತೆಗೆದು ಹಳೇ ಹಾಳೆ ತಿರುವಿದರು. ಆಮೇಲೆ ಗದರಿದರು, ಚೆನ್ನಾಗಿಯೇ ಗದರಿದರು. "ನೀವು ಹೇಳಿದ್ದನ್ನ ನಾನು ಬರೆದೆ. ಈ ಔಷಧಿ ಕೈ ಸುಡಲ್ಲ ಅಂತ ನಿಮ್ಮ ಹೆಸರಲ್ಲಿ ಬರೆದೆ. ಇದನ್ನೇ ನಂಬಿ ನಾಳೆ ಇನ್ಯಾರಿಗೋ ಇಷ್ಟೇ ಪ್ರಮಾಣದಲ್ಲಿ ಕೊಡ್ತಾರೆ. ಅವರ ಕಾಲು ಯಾರಮ್ಮ ನೋಡೋದು?" ಆಮೇಲೆ ದನಿ ಇಳಿಸಿದರು. "ನಾನೂ ಇನ್ನೊಂದು ಸಲ ಕೇಳಬೇಕಿತ್ತು."

ದೊಡ್ಡಲಕ್ಷ್ಮಮ್ಮ ಎದುರಿಗೆ ಕೂತು ಕೈ ಚಾಚಿದಳು, ಅವತ್ತು ಬೀದಿಯಲ್ಲಿ ಚಾಚಿದ ಹಾಗೇ. "ಈಗ ಸರಿಯಾಗಿ ಬರ್ಕೊಳಿ. ಈ ಬೆರಳಸಂದಿ ಕಲೆ ತಾಜ್ ಪಾಷಾಂದು. ಈ ಅಂಗೈ ನಿಮ್ದು."

ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಕೈ ಮಾಯುವತನಕ ಮಾತ್ರೆ ಇಲ್ಲ, ಮಾದ ಮೇಲೆ ಕಮ್ಮಿ ಪ್ರಮಾಣದಲ್ಲಿ ಶುರು ಮಾಡೋಣ, ಅಷ್ಟರಲ್ಲಿ ಗಡ್ಡೆ ಬೆಳೆದಿರದಿದ್ದರೆ, ಅಂದರು ಡಾಕ್ಟರ್. ಆ "ಬೆಳೆದಿರದಿದ್ದರೆ" ಅನ್ನೋದನ್ನು ಅವಳು ಮತ್ತೆ ಕೇಳಲಿಲ್ಲ. ಸರಿಯಾಗಿಯೇ ಕೇಳಿಸಿತ್ತು.

ಬರುವಾಗ ಅಂಕಯ್ಯನ ಮಂಚದ ಹತ್ತಿರ ನಿಂತಳು. "ಮುಷ್ಕರ ವಾಪಸ್ಸು ತಗಂಡೆ ಕಣ್ಲಾ."

"ಏನ್ ಗಿಟ್ಟಿತು?"

"ಏನೂ ಇಲ್ಲ. ಬರ್ಕಂಡ್ರು."

ಮನೆಯಲ್ಲಿ ಲತಾಮಣಿ ರಾತ್ರಿ ಊಟಕ್ಕೆ ಮುಂಚೆ ಅತ್ತೆಯ ಕೈಗೆ ಹರಳೆಣ್ಣೆ ಹಚ್ಚಿದಳು. ದಿನಾ ಹಚ್ಚಿದಳು. ಬೊಬ್ಬೆ ಇಳಿಯಿತು, ಸುಲಿದ ಚರ್ಮ ಉದುರಿ ಕೆಳಗಿನಿಂದ ಎಳೇ ಚರ್ಮ ಬಂತು. "ನೋಡತ್ತೆ, ಎಷ್ಟು ಚೆಂದಾಗಿ ಮಾಯ್ತಾ ಐತೆ," ಅಂತ ಸೊಸೆ ಖುಷಿಪಟ್ಟಳು.

ದೊಡ್ಡಲಕ್ಷ್ಮಮ್ಮ ಬೆಳಿಗ್ಗೆ ಎದ್ದವಳೇ ಮೊದಲು ಅಂಗೈ ಒತ್ತಿ ನೋಡಿಕೊಳ್ಳುತ್ತಿದ್ದಳು, ಎಲ್ಲಾದರೂ ಒಸಿ ಉರಿ ಉಳಿದಿದೆಯಾ ಅಂತ; ಉರಿ ಇದ್ದರೆ ಔಷಧಿಯೂ ಮೈಯಲ್ಲಿ ಒಸಿ ಉಳಿದಿರಬೇಕು ಅಂತ ಅವಳ ಲೆಕ್ಕ. ಒಂದು ದಿನ ಎಲ್ಲಿ ಒತ್ತಿದರೂ ಏನೂ ಆಗಲಿಲ್ಲ. ಎದ್ದು ಚೆಂಬು ಹಿಡಿದಳು, ಬಾಗಿಲಿಗೆ ನೀರು ಹಾಕಿದಳು, ಆಸ್ಪತ್ರೆಗೆ ಹೋಗೋ ರೈಲಿಗೆ ಹೊತ್ತಾಯಿತು ಅಂತ ಸೀರೆ ಸರಿಮಾಡಿಕೊಂಡಳು.