ಬೀಗರೂಟದಲ್ಲಿ ಮೊಸರನ್ನ

ಜರಗನಹಳ್ಳಿಯ ರಾಮಯ್ಯನವರು ಟಿ.ವಿ. ಹಾಕಿದರೆ ಅರ್ಧ ಬೀದಿಗೆ ಗೊತ್ತಾಗುತ್ತಿತ್ತು. ಕೇಳಿಸುತ್ತಿದ್ದ ಸದ್ದು ಟಿ.ವಿ.ಯದಲ್ಲ, ಅವರದೇ. "ಬಾಯ್ಮುಚ್ಚಯ್ಯಾ, ಹೋದ್ವರ್ಷ ಆ ಪಕ್ಷದಲ್ಲಿದ್ದಾಗ ಉಲ್ಟಾ ಹೇಳಿದ್ಯಲ್ಲ!" ಎಂದು ಅವರು ಚರ್ಚೆಗೆ ಕೂತ ಯಾವನಾದರೂ ಮುಖಂಡನನ್ನು ಗದರಿಸಿದರೆ, ಮೇಲಿನ ಮಹಡಿಯ ಬಾಡಿಗೆಯವರು ಒಂಬತ್ತಾಯಿತೆಂದು ಊಟಕ್ಕೆ ಏಳುತ್ತಿದ್ದರು.

ಹೊಲವಿದ್ದಾಗ ರಾಮಯ್ಯನವರಿಗೆ ಅಭಿಪ್ರಾಯಗಳಿರಲಿಲ್ಲ, ಪುರುಸೊತ್ತೇ ಇರಲಿಲ್ಲ. ಹೊಲ ಸೈಟಾಯಿತು, ಸೈಟು ಕಟ್ಟಡವಾಯಿತು, ಕಟ್ಟಡದಿಂದ ಬಾಡಿಗೆ ಬಂತು, ಬಾಡಿಗೆಯ ಜೊತೆ ಬಿಡುವು, ಬಿಡುವಿನ ಜೊತೆ ಪೇಪರು. ಈಗ ಟೀ ಅಂಗಡಿಯಲ್ಲಿ "ನಾವು ಉದಾರವಾದಿಗಳು ಕಣಯ್ಯಾ. ದೇವ್ರು ಮನೇಲಿರ್ಲಿ, ಓಟು ಬೀದೀಲಿರ್ಲಿ" ಎನ್ನುವಷ್ಟು ದೂರ ಬಂದಿದ್ದರು. ಶನಿವಾರ ಮೊಟ್ಟೆ ಮುಟ್ಟುತ್ತಿರಲಿಲ್ಲ, ರಾಹುಕಾಲದಲ್ಲಿ ಹೊಸಿಲು ದಾಟುತ್ತಿರಲಿಲ್ಲ. ಯಾರಾದರೂ ಕೆಣಕಿದರೆ, "ಅದು ಪರ್ಸನಲ್ಲು" ಎನ್ನುತ್ತಿದ್ದರು.

ಮೊಮ್ಮಗಳು ರಮ್ಯಳ ಮದುವೆ ಮುಗಿದು ಬೀಗರೂಟದ ದಿನ ಗೊತ್ತಾಯಿತು. ಈ ಸೀಮೆಯಲ್ಲಿ ಮದುವೆಗೆ ಬಡಿಸುವುದು ಹೋಳಿಗೆಯೇ ಆದರೂ, ಸಂಬಂಧ ಗಟ್ಟಿಯಾಗುವುದು ಆಮೇಲಿನ ಮಟನ್ ಊಟದಿಂದ. ಹೆಣ್ಣಿನ ಕಡೆಯವರು ತುಂಡು ಧಾರಾಳವಾಗಿ ಹಾಕಿದರೋ, ಸಾರೇ ಕದಡಿ ಹುಯ್ದರೋ ಎಂಬುದನ್ನು ಗಂಡಿನ ಊರಿನವರು ಸಾಯುವತನಕ ಮರೆಯುವುದಿಲ್ಲ. ಗಂಡಿನ ಊರು ಸಾತನೂರು. ಒಂದು ಬಸ್ಸು ತುಂಬಾ ಬರುವವರಿದ್ದರು.

ರಮ್ಯಳ ಅಪ್ಪ ದಿನೇಶನಿಗೆ ಮಗಳ ಚಿಂತೆಗಿಂತ ಕೆಂಪರಾಜುವಿನ ಚಿಂತೆ ಹೆಚ್ಚು. ಕೆಂಪರಾಜು ವಾರ್ಡಿನ ಟಿಕೆಟ್ಟಿಗೆ ಕಾದಿದ್ದ ಮುಖಂಡ. ದಿನೇಶ ಅವನ ಬೆಂಬಲಿಗ. ಬೀದಿಯ ತುದಿಗೆ ಫ್ಲೆಕ್ಸ್ ಕಟ್ಟಿಸಿದ್ದ: 'ಬೀಗರ ಔತಣಕ್ಕೆ ಆಗಮಿಸುತ್ತಿರುವ ಕೆಂಪರಾಜಣ್ಣನವರಿಗೆ ಸುಸ್ವಾಗತ.' ಅದರಲ್ಲಿ ಅಣ್ಣನ ಮುಖ ಬಾಗಿಲಷ್ಟು, ವಧೂವರರು ಅಂಚೆಚೀಟಿಯಷ್ಟು.

ಆ ಸಂಜೆಯೇ ಕೆಂಪರಾಜು ಟಿ.ವಿ.ಯಲ್ಲಿ ಹಣೆ ತುಂಬಾ ಕುಂಕುಮದೊಂದಿಗೆ ಪ್ರತ್ಯಕ್ಷನಾದ. "ದೇವಸ್ಥಾನದ ಮಂಡಲ ಪೂಜೆ ಮುಗಿಯುವವರೆಗೆ ನಮ್ಮ ವಾರ್ಡಿನಲ್ಲಿ ಮಾಂಸದ ವಾಸನೆಯೂ ಬರಬಾರದು." ಎದುರು ಪಕ್ಷದವನು ಇದು ಸಂವಿಧಾನಕ್ಕೆ ಅಪಚಾರವೆಂದು ಗುಡುಗಿ, ಕೊನೆಗೆ ಮಟನ್ ಅಂಗಡಿಯವರು ತಾವಾಗಿಯೇ ಮುಚ್ಚಿದರೆ ಒಳ್ಳೆಯದೆಂದು ಮೆಲ್ಲಗೆ ಸೇರಿಸಿದ.

ರಾಮಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟು ಹೆಂಡತಿ ಮುನಿವೆಂಕಟಮ್ಮನತ್ತ ತಿರುಗಿದರು. "ನಲ್ಲಿಮೂಳೆ ಚೀಪ್ಕೊಂಡು ಬೆಳೆದೋನು ಕಣೇ ಇವ್ನು!"

"ಅಪ್ಪ, ಅಣ್ಣ ಫೋನ್ ಮಾಡಿದ್ರು," ಎಂದ ದಿನೇಶ. "ಕ್ಯಾಮೆರಾದೋರೂ ಬರ್ತಾರಂತೆ. ಮಶ್ರೂಮ್ ಬಿರಿಯಾನಿ ಮಾಡಿಸ್ಬಿಡೋಣ್ವಾ?"

"ಬೀಗ್ರಿಗೆ ಅಣಬೆ ಇಕ್ತೀಯೇನೋ? ನಿನ್ ಮಗಳು ಆ ಮನೇಲಿ ತಲೆ ಎತ್ಕೊಂಡು ಬಾಳೋದ್ ಬೇಡ್ವಾ?"

"ಅವನ್ಗೆ ಬರ್ಬೇಡ ಅಂದ್ರಾಯ್ತಪ್ಪ," ಎಂದರು ಮುನಿವೆಂಕಟಮ್ಮ.

"ಫ್ಲೆಕ್ಸ್ ಕಟ್ಟಾಗಿದೆ ಅಮ್ಮ!"

ಭಾನುವಾರ ಶಾಮಿಯಾನದಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಕೆಂಪರಾಜು ಬಂದ, ಹಿಂದೆಯೇ ಕ್ಯಾಮೆರಾ. ಕೈ ಮುಗಿಯುವ ನೆಪದಲ್ಲಿ ರಾಮಯ್ಯನವರ ಕಿವಿಗೆ ಬಗ್ಗಿದ. "ಯಜಮಾನ್ರೇ, ಇವ್ರು ಹೋಗ್ಲಿ, ಆಮೇಲೆ ಒಳಗೆ ಕೂರ್ತೀನಿ. ನಲ್ಲಿಮೂಳೆ ಎರಡು ಎತ್ತಿಟ್ಟಿರಿ."

ಇಷ್ಟು ವರ್ಷ ಟಿ.ವಿ.ಗೆ ಬೈದದ್ದಕ್ಕೆ ಇವತ್ತು ಫಲ ಸಿಕ್ಕಿತೆನಿಸಿತು ರಾಮಯ್ಯನವರಿಗೆ. "ಛೆ ಛೆ! ನಿಮ್ಮ ವ್ರತ ಕೆಡಿಸೋ ಪಾಪ ನಮಗ್ಯಾಕೆ?" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ, ಅವನನ್ನು ಜಗಲಿಯ ಮೇಲೆ ಕೂರಿಸಿ, ಎಲೆ ಹಾಕಿ, ಕೈಯಾರೆ ಮೊಸರನ್ನ ಬಡಿಸಿದರು. ಒಂದು ಸೌಟಲ್ಲ, ಮೂರು. ಕೆಂಪರಾಜು ನುಂಗುತ್ತಿದ್ದ, ಕಣ್ಣು ಮಾತ್ರ ಪಂಕ್ತಿಯಲ್ಲಿ ಓಡಾಡುವ ಸಾರಿನ ಬಕೆಟ್ಟಿನ ಹಿಂದೆ. ಅತ್ತ ಬೀಗರಾದ ಚಿಕ್ಕಮರಿಗೌಡರು ತೇಗಿ, "ಬೀಗ್ರೇ, ಊಟ ಅಂದ್ರೆ ಇದು!" ಎಂದರು. ಕ್ಯಾಮೆರಾ ಅತ್ತ ತಿರುಗಲೇ ಇಲ್ಲ.

ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಸುದ್ದಿ ಬಂತು: 'ಸಾಮಾನ್ಯನ ಮನೆಯಲ್ಲಿ ಸಾತ್ವಿಕ ಭೋಜನ!' ಕೆಂಪರಾಜು ಗದ್ಗದಿತನಾಗಿ ಹೇಳುತ್ತಿದ್ದ: "ನನ್ನ ಕರೆಗೆ ಓಗೊಟ್ಟು ಈ ಕುಟುಂಬ ಬೀಗರೂಟವನ್ನೇ ಸಸ್ಯಾಹಾರ ಮಾಡಿದೆ." ಮೊಸರನ್ನ ಬಡಿಸುವ ರಾಮಯ್ಯನವರ ಕೈಯನ್ನು ಹತ್ತಿರದಿಂದ ಮತ್ತೆ ಮತ್ತೆ ತೋರಿಸಿದರು. ರಾಮಯ್ಯನವರಿಗೆ ಬೈಯಲು ಬಾಯಿ ಬರಲಿಲ್ಲ. ಮೇಲಿನ ಮಹಡಿಯವರ ಊಟ ಅವತ್ತು ತಡವಾಯಿತು.

ಫೋನ್ ಹೊಡೆದುಕೊಂಡಿತು. ಚಿಕ್ಕಮರಿಗೌಡರು. "ಏನ್ ಬೀಗ್ರೇ ಇದು? ಮೊಸರನ್ನ ಉಣ್ಣಕ್ಕೆ ಬಸ್ ಮಾಡ್ಕೊಂಡ್ ಹೋಗಿದ್ರಾ ಅಂತ ಊರೆಲ್ಲಾ ನಗ್ತಾವ್ರೆ!"

"ನೀವೇ ಉಂಡ್ರಲ್ಲ ಸ್ವಾಮಿ, ಹೇಳ್ಬಾರ್ದಾ?"

"ಹೇಳ್ದೆ. ಟಿ.ವಿ.ಲಿ ಬಂದೈತೆ, ಬೀಗ್ರ ಮಾನ ಉಳ್ಸಕ್ಕೆ ಸುಳ್ ಹೇಳ್ಬೇಡ ಅಂತವ್ರೆ. ಹುಡ್ಗಿ ಮುಖ ಸಣ್ಣ ಮಾಡ್ಕೊಂಡ್ ಕೂತವ್ಳೆ. ಇನ್ನೊಂದ್ ಸಲ ಇಕ್ಕಿ ಬೀಗ್ರೇ, ನಮ್ಮೂರಲ್ಲೇ, ಎಲ್ರೂ ಕಾಣೋ ಹಂಗೆ."

ರಮ್ಯಳ ಮಾತು ಬಂದ ಮೇಲೆ ವಾದ ಎಲ್ಲಿ? ರಾಮಯ್ಯನವರು ಒಪ್ಪಿ ಫೋನ್ ಇಟ್ಟರು.

ಸ್ವಲ್ಪ ಹೊತ್ತಿಗೆ ದಿನೇಶ ತನ್ನ ಫೋನ್ ಹಿಡಿದು ಬಾಗಿಲಿಗೆ ಬಂದು ಕೆಮ್ಮಿದ. "ಅಪ್ಪ, ಸಾತನೂರಿನ ಊಟದ ವಿಷ್ಯ ಅಣ್ಣಂಗೆ ಹೇಳ್ದೆ. ಅದು ನಮ್ಮ ವಾರ್ಡಿಂದ ಆಚೆ ಅಲ್ವಾ? ಅಲ್ಲಿ ವ್ರತ ಬರಲ್ವಂತೆ. ಕ್ಯಾಮೆರಾ ಇಲ್ದೆ ಬರ್ತೀನಿ ಅಂದ್ರು."

"ಕ್ಯಾಮೆರಾ ಇದ್ರೆ ಮಾತ್ರ ಬರ್ಬೇಕು ಅನ್ನು!" ಎಂದು ಕೂಗಿದರು ರಾಮಯ್ಯನವರು.